ಮೇಜಿನ ಕೆಳಗಿನ ಎಡಗೈಗಳು

ಮದುವೆಯಾದಂದಿನಿಂದ ತೂಲಿಯೊ ತಾನಾಗಿ ಬಾಯಿಬಿಟ್ಟು ಹೆಂಡತಿಯನ್ನು ಎಲ್ಲಿಗಾದರೂ ಕರೆದದ್ದು ಇದೇ ಮೊದಲು. ಆಗಸ್ಟ್ ತಿಂಗಳ ಸೋಮವಾರದ ರಜೆ ಶನಿವಾರ, ಭಾನುವಾರಕ್ಕೆ ಅಂಟಿಕೊಂಡು ಬಂದಿತ್ತು. "ಮಾರ್ ದೆಲ್ ಪ್ಲಾತಾಗೆ ಹೋಗ್ಬರೋಣ ಕಣೇ ಮುದುಕಿ, ಸಮುದ್ರ ನೋಡಿ ಎಷ್ಟು ಕಾಲ ಆಯ್ತು," ಎಂದ. ಹೂರಣ ತುಂಬಿದ ರವಿಯೋಲಿ ಕಡುಬು ಮಾಡಲು ಹಿಟ್ಟು ನಾದುತ್ತಿದ್ದ ನೆಲ್ಬಾಳ ಕೈ ನಿಂತಿತು. ತ್ರೆಸ್ ಅರೋಯೊಸ್ ಊರಿನ ಅರ್ಧ ಜನ ಭಾನುವಾರದ ಊಟಕ್ಕೆಂದು ಅವಳ ಅಂಗಡಿಯ ಮುಂದೆ ಸಾಲು ನಿಲ್ಲುವವರು. ಭಾನುವಾರ ಆ ಅಂಗಡಿ ಮುಚ್ಚುವುದೆಂದರೆ ಇಗರ್ಜಿಯ ಬಾಗಿಲಿಗೆ ಬೀಗ ಜಡಿದ ಹಾಗೆ. ಆದರೂ ಮುಚ್ಚಿದಳು. ಗಂಡ ಕರೆದಿದ್ದಾನೆ, ಅದಕ್ಕಿಂತ ದೊಡ್ಡ ಹಬ್ಬ ಯಾವುದಿದೆ?

ಶುಕ್ರವಾರ ಹೊರಡುವಾಗ ಪಕ್ಕದ ಮನೆಯಾಕೆ, "ಸುಖವಾಗಿ ಹೋಗ್ಬನ್ನಿ," ಎಂದಳು. ನೆಲ್ಬಾ ನಕ್ಕು ತಲೆಯಾಡಿಸಿದಳೇ ಹೊರತು ಬಾಯಿ ಬಿಡಲಿಲ್ಲ. ಪ್ರಯಾಣದ ಹೊತ್ತಿನಲ್ಲಿ ಶುಭದ ಮಾತು ಅವಳ ಬಾಯಿಂದ ಬರುವುದಿಲ್ಲ. ಅವಳ ಮೊದಲ ಗಂಡ ಆನ್ಸೆಲ್ಮೊ ಗೋಧಿ ಲಾರಿ ಹತ್ತಿ ಮಂಜಿನಲ್ಲಿ ಹೊರಟ ಬೆಳಿಗ್ಗೆ ಇವಳು ಬಾಗಿಲಲ್ಲಿ ನಿಂತು, "ಸುಖವಾಗಿ ತಲುಪ್ತೀಯ, ನಿಂಗೇನೂ ಆಗಲ್ಲ," ಎಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬಂದು ಬಾಗಿಲು ತಟ್ಟಿದರು. ಆ ಸಂಗತಿಯನ್ನು ಅವಳು ಜನ್ಮದಲ್ಲಿ ಒಬ್ಬನಿಗೇ ಹೇಳಿಕೊಂಡದ್ದು, ಅದೂ ಬಿಕ್ಕಿ ಬಿಕ್ಕಿ ಅಳುತ್ತ, ಮದುವೆಗೆ ಮುಂಚೆ, ಈ ತೂಲಿಯೊಗೆ. ಅವನು ಅವಳ ತಲೆ ಸವರಿ, "ಹುಚ್ಚಿ, ನಿನ್ನ ಮಾತಿಗೆ ಲಾರಿ ಮಗುಚುತ್ತಾ?" ಎಂದಿದ್ದ. ಆ ಒಂದು ಮಾತಿಗೇ ಅವಳು ಅವನನ್ನು ಕಟ್ಟಿಕೊಂಡದ್ದು.

ಆ ದೇಶದಲ್ಲಿ ಆಗಸ್ಟ್ ಎಂದರೆ ಚಳಿಗಾಲ. ಚಳಿಗಾಲದ ಮಾರ್ ದೆಲ್ ಪ್ಲಾತಾ ಮದುವೆ ಮುಗಿದ ಮನೆಯ ಹಾಗಿರುತ್ತದೆ. ದಂಡೆಯ ಮೇಲೆ ಬೇಸಿಗೆಯ ಡೇರೆಗಳ ಕಂಬಗಳು ಬಟ್ಟೆಯಿಲ್ಲದೆ ಸಾಲಾಗಿ ನಿಂತಿದ್ದವು. ಆಗ್ನೇಯದ ಗಾಳಿ ಬೀಸುತ್ತಿತ್ತು, ಸಮುದ್ರ ಕಪ್ಪಗೆ ಉಬ್ಬಿಕೊಂಡಿತ್ತು, ಬಂದರಿನ ಕಡೆಯಿಂದ ಕಡಲಸಿಂಹಗಳ ನಾತ. ಹೋಟೆಲಿನಲ್ಲಿ ಎರಡೇ ಮಹಡಿ ತೆರೆದಿದ್ದರು. ಇವರಿಬ್ಬರು ಹತ್ತಿದ ಲಿಫ್ಟು ನಡುವೆ ಗಕ್ಕನೆ ನಿಂತು, ದೀಪ ಆರಿಹೋಯಿತು. ಯಜಮಾನ ಹೊರಗಿನಿಂದ ಗುದ್ದಿ ಗುದ್ದಿ ಬಾಗಿಲು ತೆಗೆದ.

"ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕೈ ಕೊಟ್ಟಿರ್ಲಿಲ್ಲ ಸ್ವಾಮಿ," ಎಂದು ಅವನು ಬೆವರೊರೆಸಿಕೊಂಡ.

ತೂಲಿಯೊ ಹೆಂಡತಿಯ ಮುಖ ನೋಡಲಿಲ್ಲ. ಎಡಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಮೊದಲು ಇಳಿದುಹೋದ. ಚಳಿ ಇರಬೇಕು ಎಂದುಕೊಂಡಳು ನೆಲ್ಬಾ.

ಅಂದು ಸಂಜೆ ಕ್ಯಾಸಿನೊದಲ್ಲಿ ಜೂಜಿನ ಚಕ್ರದ ಮೇಜಿನ ಹತ್ತಿರ ಕಾಲಿಟ್ಟಳೋ ಇಲ್ಲವೋ, ಗಂಡ ಅವಳ ತೋಳು ಹಿಡಿದು ತಿರುಗಿಸಿದ. "ಇಲ್ಲೇನ್ ನೋಡ್ತೀಯ, ಬರೀ ಹೊಗೆ. ಹೋಗಿ ಕಾಫಿ ಕುಡಿ, ಸಮುದ್ರ ನೋಡು, ಹೋಗು." ಅವಳಿಗೆ ಬೇಸರವೇನೂ ಆಗಲಿಲ್ಲ. ಆ ದೇಶದಲ್ಲಿ ಆಟ ಗೆಲ್ಲಲು ತನ್ನದೇ ಒಂದು ಕಟ್ಟಳೆ ಇಲ್ಲದ ಗಂಡಸು ಎಲ್ಲಿದ್ದಾನೆ? ಗೆದ್ದ ದಿನ ಹಾಕಿದ್ದ ಅಂಗಿಯನ್ನು ಒಗೆಯದೆ ಹಾಕುವವರು, ಪಂದ್ಯ ಮುಗಿಯುವ ತನಕ ಒಂಟಿ ಕಾಲಲ್ಲಿ ನಿಲ್ಲುವವರು, ಮಾವನನ್ನು ಕಕ್ಕಸಿನಲ್ಲಿ ಕೂಡಿಹಾಕುವವರು. ಫುಟ್ಬಾಲ್ ವಿಶ್ವಕಪ್ಪಿನ ಕೊನೆಯ ಪಂದ್ಯವನ್ನು ನೆಲ್ಬಾ ನೋಡಿಯೇ ಇಲ್ಲ. ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿರು ಎಂದು ತೂಲಿಯೊ ಅಪ್ಪಣೆ ಮಾಡಿದ್ದ. ಒಣಗಿದ ಬಟ್ಟೆಯನ್ನೇ ತೆಗೆದು ತೆಗೆದು ಮತ್ತೆ ಹಾಕಿದಳು. ದೇಶ ಗೆದ್ದಿತು. ಅವಳಿಗೆ ಒಂದು ಧನ್ಯವಾದ ಹೇಳಿದವರಿಲ್ಲ. ಅದೂ ಅವನ ಕಟ್ಟಳೆ ಎಂದೇ ತಿಳಿದಿದ್ದಳು ಪಾಪ, ಬೇರೆ ಏನೋ ಇದ್ದೀತು ಎಂದು ತಲೆಗೆ ಹೊಳೆದಿರಲಿಲ್ಲ.

ಊಟದ ಹೊತ್ತಿಗೆ ಗಂಡನ ಹಳೆಯ ಗೆಳೆಯ ಪೋಚೊ ಬಂದ. ಕ್ಯಾಸಿನೊದ ಎದುರಿನ ಮೀನುಗಾರರ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಅವನು ಇಸ್ಪೀಟಿನ ಮೇಜು ನಡೆಸುತ್ತಾನೆ. ಗುರುತಿದ್ದವರೂ ಇಲ್ಲದವರೂ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಡುವ ಜನ ಅವರು; ಪೋಚೊ ಬಡಿಸುವವಳಿಗೂ ಮುತ್ತಿಟ್ಟ, ನೆಲ್ಬಾಳ ಮುಂದೆ ಮಾತ್ರ ದೂರವೇ ನಿಂತ. "ಕ್ಷಮಿಸಿ ಸೆನ್ಯೋರಾ, ನೆಗಡಿ." ಆಮೇಲೆ ತೂಲಿಯೊ ಕಡೆ ಬಾಗಿ, "ಇವರೇನಾ?" ಎಂದ.

"ಇವಳೇ," ಎಂದ ತೂಲಿಯೊ.

ಪೋಚೊ ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ಸಂತೆಯಲ್ಲಿ ಕೊಡಲಿ ಕೊಳ್ಳುವವನು ಬಾಯಿ ಹರಿತವಿದೆಯೇ ಎಂದು ನೋಡುತ್ತಾನಲ್ಲ, ಹಾಗೆ. ಊಟದುದ್ದಕ್ಕೂ ಅವನಿಗೆ ಒಂದು ಸೀನೂ ಬರಲಿಲ್ಲ.

"ನಾಳೆ ನೀನೂ ಬಾರೇ ಕ್ಲಬ್ಬಿಗೆ," ಎಂದ ಗಂಡ, ಕೋಣೆಗೆ ಮರಳುವಾಗ. "ನಾವು ಆಡೋ ಕಡೆ ಕೂತ್ಕೊಳ್ಳುವೆಯಂತೆ."

"ನಾನಾ? ಇಸ್ಪೀಟಿನ ಹತ್ರಾನಾ?"

"ನೀನೇ. ಏನು, ಬೇಡ್ವಾ?"

ಬೇಡವೇ! ಶನಿವಾರ ಮಧ್ಯಾಹ್ನ ಹಸಿರು ರೇಷ್ಮೆಯ ಕುಪ್ಪಸ ಹಾಕಿಕೊಂಡಳು, ತುಟಿಗೆ ಬಣ್ಣ ಹಚ್ಚಿಕೊಂಡಳು, ಕನ್ನಡಿಯ ಮುಂದೆ ನಿಂತು ಹುಡುಗಿಯ ಹಾಗೆ ನಕ್ಕಳು. ಕೊನೆಗೂ ಗಂಡ ತನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ಮೇಜಿನ ಸುತ್ತ ಐದು ಜನ. ತೂಲಿಯೊ ಅವಳನ್ನು ತನ್ನ ಪಕ್ಕ ಕೂರಿಸಲಿಲ್ಲ. ಎದುರು ಮೂಲೆಯಲ್ಲಿ ಬೆನ್ನು ಬಾಗಿದ ಒಬ್ಬ ಮುದುಕನ ಹಿಂದೆ ಕುರ್ಚಿ ಎಳೆದಿಟ್ಟಿದ್ದರು.

"ಇವರು ಡೋನ್ ಎವಾರಿಸ್ತೊ," ಎಂದ ಪೋಚೊ, ಜೇನು ಸುರಿಸುತ್ತ. "ಬಲ್ಕಾರ್ಸೆಯಲ್ಲಿ ಆಲೂಗಡ್ಡೆ ಬೆಳೀತಾರೆ. ವಾರದಿಂದ ನಮ್ಮನ್ನೆಲ್ಲ ಬೋಳಿಸ್ತಾ ಇದಾರೆ. ಒಬ್ಬರೇ ಇರ್ತಾರೆ ಪಾಪ, ನೀವು ಜೊತೆ ಕೊಡಿ ಸೆನ್ಯೋರಾ."

ನೆಲ್ಬಾ ಕುರ್ಚಿಯ ಕಡೆ ಹೆಜ್ಜೆ ಇಟ್ಟಳು. ಆಗ ನೋಡಿದಳು. ನಾಲ್ಕು ಗಂಡಸರ ಎಡಗೈಗಳು ಒಟ್ಟಿಗೆ ಮೇಜಿನ ಕೆಳಗೆ ಇಳಿದವು.

ಹೇಳಲು ನಾಚಿಕೆ, ಆದರೆ ಹೇಳದೆ ವಿಧಿಯಿಲ್ಲ. ಆ ದೇಶದಲ್ಲಿ ಕಾಲ್ಗುಣ ಕೆಟ್ಟವರನ್ನು 'ಮೂಫಾ' ಎನ್ನುತ್ತಾರೆ. ಮೂಫಾ ಎದುರಾದರೆ ಗಂಡಸರು ತಮ್ಮ ಎಡಗಡೆಯ ಬೀಜ ಮುಟ್ಟಿಕೊಳ್ಳುತ್ತಾರೆ, ಹೆಂಗಸರು ಎಡ ಎದೆ. ಮೂಫಾ ಬೈದರೆ ಭಯವಿಲ್ಲ. ಮೂಫಾ ಹರಸಿದರೆ ಮುಗಿಯಿತು, ನೀನು ಗೆಲ್ಲುತ್ತೀಯ ಎಂದರೆ ಸೋತ ಹಾಗೆ. ನೆಲ್ಬಾ ಚಿಕ್ಕವಳಿದ್ದಾಗ ಅವಳ ಬೀದಿಯಲ್ಲಿ ಅಂಥ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಕೊನೆಗೆ ಅವನು ಊರು ಬಿಟ್ಟ. ಎಲ್ಲಿಗೆ ಹೋದ ಎಂದು ಒಬ್ಬರೂ ಕೇಳಲಿಲ್ಲ, ಕೇಳಬೇಕಾದರೆ ಹೆಸರು ಹೇಳಬೇಕಲ್ಲ.

ಈಗ ಆ ಕೈಗಳು ಇಳಿದದ್ದು ಅವಳಿಗಾಗಿ. ಅವುಗಳಲ್ಲಿ ಒಂದು ಅವಳ ಗಂಡನದು. ಮುದುಕನ ಎರಡು ಕೈಗಳು ಮಾತ್ರ ಎಲೆ ಹಿಡಿದು ಮೇಜಿನ ಮೇಲೇ ಇದ್ದವು. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಅವಳನ್ನು ಇಷ್ಟು ದೂರ ಕರೆತಂದದ್ದು ಸಮುದ್ರ ತೋರಿಸಲು ಅಲ್ಲ, ಗೆಲ್ಲುತ್ತಿದ್ದ ಒಬ್ಬ ಮುದುಕನ ಬೆನ್ನಿಗೆ ಶನಿಯನ್ನು ಕೂರಿಸಲು. ಅವಳು ಆ ಕುರ್ಚಿಯಲ್ಲೇ ಕುಸಿದು ಕೂತಳು.

ಮತೆ ಎಲೆಯ ಬಿಸಿ ಕಷಾಯದ ಸೋರೆಬುರುಡೆ ಕೈಯಿಂದ ಕೈಗೆ ಸುತ್ತುತ್ತಿತ್ತು. ಎಲ್ಲರಿಗೂ ಒಂದೇ ಬುರುಡೆ, ಒಂದೇ ಕೊಳವೆ. ಅದು ಅವಳನ್ನು ದಾಟಿ ಹೋಯಿತು. ಎರಡನೆಯ ಸುತ್ತಿನಲ್ಲೂ ದಾಟಿತು. ಡೋನ್ ಎವಾರಿಸ್ತೊ ಮುಖ ಸಿಂಡರಿಸಿದ.

"ಏನ್ರಯ್ಯಾ, ಹೆಂಗಸಿಗೆ ಒಂದು ಗುಟುಕು ಕೊಡದಷ್ಟು ದರಿದ್ರವಾ ನಿಮ್ಗೆ?" ಎಂದು ಬುರುಡೆಯನ್ನು ತಾನೇ ಅವಳ ಕೈಗಿಟ್ಟ. ಅವಳು ಕುಡಿದು ಮರಳಿಸಿದ ಮೇಲೆ ಅದೇ ಕೊಳವೆಗೆ ಬಾಯಿಟ್ಟು ಹೀರಿದ. ಉಳಿದವರಿಗೆ ಆಮೇಲೆ ಮತೆ ಬೇಡವಾಯಿತು.

ಆ ಮಧ್ಯಾಹ್ನ ಮುದುಕ ಗೆದ್ದ. ಪೋಚೊನ ಮುಖ ಹುಳಿ ಕುಡಿದಂತಾಯಿತು. ಏಳುವಾಗ ಎವಾರಿಸ್ತೊ ಅವಳ ಕೆನ್ನೆಗೆ ಕೆನ್ನೆ ತಾಗಿಸಿ, "ನಾಳೆ ಸಿಗೋಣಮ್ಮ," ಎಂದ. ಅವಳ ಎದೆ ತುಂಬಿ ಬಂತು. ಎಷ್ಟೋ ವರ್ಷ ಕಾದುಕೊಂಡಿದ್ದ ನಾಲಿಗೆ ಜಾರಿತು. "ಸುಖವಾಗಿ ಹೋಗಿ ಡೋನ್ ಎವಾರಿಸ್ತೊ. ನಿಮಗೇನೂ ಆಗಲ್ಲ."

ಯಾರದೋ ಕುರ್ಚಿ ಕಿರ್ರೆಂದಿತು. ನೆಲ್ಬಾ ನಾಲಿಗೆ ಕಚ್ಚಿಕೊಂಡಳು, ಆದರೆ ಮುದುಕ ಆಗಲೇ ಟೊಪ್ಪಿ ಎತ್ತಿ ನಗುತ್ತ ಹೊರಟುಹೋಗಿದ್ದ.

ಹೋಟೆಲಿನ ಕೋಣೆಯ ಬಾಗಿಲು ಹಾಕಿದವಳೇ ಕೇಳಿದಳು: "ನನ್ ವಿಷಯ ಏನ್ ಹೇಳಿದೀಯ ಇವರಿಗೆಲ್ಲ?"

"ಏನ್ ಹೇಳ್ಲಿ? ರವಿಯೋಲಿ ಚೆನ್ನಾಗ್ ಮಾಡ್ತಾಳೆ ಅಂದೆ."

"ಕೈ ನೋಡ್ದೆ ಕಣೋ. ನಿನ್ ಕೈನೂ ನೋಡ್ದೆ."

ತೂಲಿಯೊ ಹಾಸಿಗೆಯ ಅಂಚಿನಲ್ಲಿ ಕೂತು ಶೂ ಬಿಚ್ಚತೊಡಗಿದ. "ಎಲ್ಲಾ ತಮಾಷೆ ಕಣೇ. ಅರ್ಧ ತಮಾಷೆ. ಮುದುಕ ಸೋತರೆ ಪೋಚೊ ನಮ್ಮನ್ನೂ ನೋಡ್ಕೋತಾನೆ. ನಿಂಗೇನು ಗಂಟು ಹೋಗುತ್ತೆ? ಸುಮ್ನೆ ಕೂತ್ಕೊಳ್ಳೋದು ತಾನೆ?"

"ಆನ್ಸೆಲ್ಮೊನ ವಿಷಯಾನೂ ಹೇಳಿದ್ಯಾ? ಅವತ್ತು ಬಾಗಿಲಲ್ಲಿ ನಾನಾಡಿದ್ ಮಾತು?"

ಅವನು ಇನ್ನೊಂದು ಶೂವಿನ ಲೇಸಿಗೆ ಬಾಗಿದ. ಅವಳಿಗೆ ಉತ್ತರ ಸಿಕ್ಕಿತು. ಬಿಕ್ಕಿ ಬಿಕ್ಕಿ ಅವನ ಮಡಿಲಿಗೆ ಹಾಕಿದ್ದ ದುಃಖ ಇಸ್ಪೀಟಿನ ಮೇಜಿನಲ್ಲಿ ನಗೆಯ ವಸ್ತುವಾಗಿತ್ತು. ಆಮೇಲೆ ಅವನೇ ರೇಗಿದ. ತಪ್ಪು ಮಾಡಿದವನ ದನಿ ಯಾವಾಗಲೂ ಒಂದು ಮಟ್ಟ ಮೇಲೆ.

"ನಾನೇನ್ ಸುಳ್ ಹೇಳಿದ್ನಾ? ನಮ್ಮನೇಲಿ ಉಂಡು ಹೋದ ನನ್ ತಮ್ಮ ಕಾರು ಗುದ್ದಿಸ್ಕೊಂಡ್ನಲ್ಲ, ಬಾಗಿಲ ತನಕ ಕಳಿಸಿದ್ದು ಯಾರು? ನೀನು ಗೋಧಿ ಚೆನ್ನಾಗಿದೆ ಅಂದ ವಾರಕ್ಕೆ ಆಲಿಕಲ್ಲು ಬೀಳ್ಲಿಲ್ವಾ? ನಿನ್ನೆ ಲಿಫ್ಟು? ನಾನು ಇಷ್ಟು ವರ್ಷ ನಿನ್ ಜೊತೆ ಬಾಳಿಲ್ವಾ? ಬೇರೆಯವನಾಗಿದ್ರೆ ಬಿಟ್ ಹೋಗ್ತಿದ್ದ."

ಅಂದರೆ ಅವನು ವರ್ಷಗಟ್ಟಲೆ ಒಂದೊಂದನ್ನೇ ಎಣಿಸಿ ಇಟ್ಟುಕೊಂಡಿದ್ದ. ಅವಳು ಬಡಿಸಿದ್ದನ್ನು ಉಣ್ಣುತ್ತ, ಅವಳ ಮಗ್ಗುಲಲ್ಲಿ ಮಲಗುತ್ತ ಎಣಿಸಿದ್ದ. ನೆಲ್ಬಾಳಿಗೆ ಕೋಪ ಬರಬೇಕಿತ್ತು, ಬಂದದ್ದು ಭಯ. ಅವನು ಹೇಳಿದ್ದೆಲ್ಲ ನಡೆದದ್ದೇ. ನಿಜವಾಗಿಯೂ ತಾನು ಅದೇ ಆಗಿದ್ದರೆ? ಹಾಗಾದರೆ ಆ ಒಳ್ಳೆಯ ಮುದುಕನಿಗೆ ತಾನು ಈಗಷ್ಟೇ ಆಡಿ ಬಂದ ಮಾತು ಏನು ಮಾಡೀತು?

ಭಾನುವಾರ ಗಂಡನಿಗಿಂತ ಮೊದಲೇ ಕ್ಲಬ್ಬಿಗೆ ಓಡಿದಳು. ನನ್ನ ಹತ್ತಿರ ಸುಳಿಯಬೇಡಿ, ನಿಮ್ಮ ಊರಿಗೆ ಹೋಗಿಬಿಡಿ ಎಂದು ಮುದುಕನ ಕೈ ಹಿಡಿದು ಹೇಳಬೇಕೆಂದಿದ್ದಳು. ಗಾಳಿ ಬಿದ್ದುಹೋಗಿತ್ತು. ಸಮುದ್ರದಿಂದ ಮಂಜು ಎದ್ದು ಬೀದಿಗಳಿಗೆ ನುಗ್ಗುತ್ತಿತ್ತು. ಬಂದರಿನ ಕಹಳೆ ಬಿಟ್ಟು ಬಿಟ್ಟು ಕೂಗುತ್ತಿತ್ತು.

ಹಿಂದಿನ ಕೋಣೆಯಲ್ಲಿ ಮುದುಕನ ಕುರ್ಚಿ ಖಾಲಿ. ಆಡುತ್ತಿದ್ದವರು ಅವಳನ್ನು ಕಂಡು ಎದ್ದು ನಿಂತರು, ಮರ್ಯಾದೆಗಲ್ಲ. ಒಬ್ಬ ಗೋಡೆಗೆ ಬೆನ್ನು ಹಚ್ಚಿ ಶಿಲುಬೆಯ ಗುರುತು ಹಾಕಿಕೊಂಡ. ಪೋಚೊನ ಬಣ್ಣ ಇಳಿದುಹೋಗಿತ್ತು.

"ಬೆಳಿಗ್ಗೆ ಅವರ ಹೋಟೆಲ್ ಮುಂದೆ ಆಂಬುಲೆನ್ಸ್," ಎಂದ, ಅವಳ ಬೆನ್ನ ಹಿಂದೆ ಆಗತಾನೇ ಬಂದು ನಿಂತಿದ್ದ ತೂಲಿಯೊನ ಮುಖ ನೋಡುತ್ತ. "ಮುಖದ ತನಕ ಹೊದಿಸಿ ಹೊತ್ಕೊಂಡ್ ಹೋದ್ರಂತೆ. ಸೋಲಿಸು ಅಂದ್ರೆ ನೀನು... ಕರ್ಕೊಂಡ್ ಹೋಗಪ್ಪ ಇವರನ್ನ. ದೇವರಾಣೆ, ಮತ್ತೆ ಈ ಕಡೆ ತರ್ಬೇಡ."

ನೆಲ್ಬಾ ಗಂಡನ ಕಡೆ ತಿರುಗಿದಳು. ಒಂದು ಕ್ಷಣ, ಒಂದೇ ಕ್ಷಣ, ಅವನು ತಲೆ ಸವರಿ ಹುಚ್ಚಿ ಎನ್ನುತ್ತಾನೆ ಎಂದು ಕಾದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. ತಮಾಷೆ ಮಾಡಿದವನೇ ಈಗ ಅವರೆಲ್ಲರಿಗಿಂತ ಹೆಚ್ಚು ನಂಬಿದ್ದ. ಅಂದು ಅವನು ಹೊದಿಕೆ ಎತ್ತಿಕೊಂಡು ಕುರ್ಚಿಯಲ್ಲಿ ಮಲಗಿದ. ಅವಳು ಗೋಡೆಯ ಕಡೆ ಮುಖ ಮಾಡಿ, ಆನ್ಸೆಲ್ಮೊನನ್ನೂ ಎವಾರಿಸ್ತೊನನ್ನೂ ಕೊಂದವಳು ನಾನೇ ಎಂದುಕೊಂಡು ಬೆಳಗು ಮಾಡಿದಳು.

ಸೋಮವಾರ ಬೆಳಿಗ್ಗೆ ಗಂಡ ಕಾರಿಗೆ ಪೆಟ್ರೋಲ್ ಹಾಕಿಸಲು ಹೋದಾಗ ಅವಳು ಸಮುದ್ರದಂಡೆಯ ಕಲ್ಲುಹಾಸಿಗೆ ಇಳಿದಳು. ಅಲ್ಲಿ ಎರಡು ದೊಡ್ಡ ಕಲ್ಲಿನ ಕಡಲಸಿಂಹಗಳಿವೆ; ಊರಿಗೆ ಬಂದವರೆಲ್ಲ ಅವುಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮಂಜಿನಲ್ಲಿ ಅವು ನೀರಿಂದ ಎದ್ದು ಬಂದು ಯಾರನ್ನೋ ಕಾಯುತ್ತ ಕೂತಂತಿದ್ದವು. ಮೆಟ್ಟಿಲ ಕೆಳಗೆ ಕಪ್ಪು ನೀರು. ಅವಳು ಆ ನೀರನ್ನು ಬಹಳ ಹೊತ್ತು ನೋಡಿದಳು. ತನ್ನಂಥವಳಿಂದ ಯಾರಿಗೂ ಏನೂ ಆಗದಂತೆ ಮಾಡಲು ಒಂದು ದಾರಿ ಅಲ್ಲಿತ್ತು.

"ಅಯ್ಯೋ ತಾಯಿ, ಅಷ್ಟು ಅಂಚಿಗೆ ನಿಲ್ಲಬೇಡಿ, ಪಾಚಿ ಇದೆ!"

ತಿರುಗಿದಳು. ಮಂಜಿನಿಂದ ಒಂದು ಟೊಪ್ಪಿ ಬಂತು, ಬಾಗಿದ ಬೆನ್ನು ಬಂತು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಅಲ್ಫಹೋರ್ ಬಿಸ್ಕತ್ತಿನ ಎರಡು ಡಬ್ಬಿ. ನೆಲ್ಬಾ ಅಂಚಿನಿಂದ ಒಂದು ಹೆಜ್ಜೆ ಇತ್ತ ಇಟ್ಟಳು.

"ದೆವ್ವ ಕಂಡ ಹಾಗೆ ನೋಡ್ತೀರಲ್ಲ," ಎಂದ ಡೋನ್ ಎವಾರಿಸ್ತೊ.

"ನೀವು... ಆಂಬುಲೆನ್ಸು..."

"ಓ ಅದಾ? ನನ್ನ ಪಕ್ಕದ ಕೋಣೆಯವನು. ಹಳಸಿದ ಚಿಪ್ಪುಮೀನು ತಿಂದು ರಾತ್ರಿಯೆಲ್ಲ ಅಮ್ಮಾ ಅಂತಿದ್ದ. ಚಳಿ ತಡೀಲಾರದೆ ತಾನೇ ಮುಸುಕು ಎಳ್ಕೊಂಡ ಪುಣ್ಯಾತ್ಮ. ಇವತ್ತು ಸೂಪು ಕುಡೀತಿದಾನೆ." ಮುದುಕ ಡಬ್ಬಿಗಳನ್ನು ಕಲ್ಲಿನ ಮೇಲಿಟ್ಟ. "ನಾನು ಆಟ ಬಿಟ್ಟೆ. ಗೆದ್ದಾಗಲೇ ಎದ್ದುಬಿಡು, ಕೂತರೆ ಕೌಪೀನವೂ ಉಳಿಯಲ್ಲ ಅಂತಿದ್ಳು ನನ್ನಾಕೆ. ಒಂದು ಮಾತು ಹೇಳ್ಲಾ? ವಾರವೆಲ್ಲ ಗೆದ್ದೆ ನಿಜ, ಆದ್ರೆ ನೀವು ಹಿಂದೆ ಕೂತ ದಿನ ಬಂದಂಥ ಎಲೆಗಳು ಜನ್ಮದಲ್ಲಿ ಬಂದಿಲ್ಲ. ಎಂಥ ಒಳ್ಳೆ ಕಾಲ್ಗುಣ ನಿಮ್ದು! ಬಿತ್ತನೆ ಹೊತ್ತಿಗೆ ನಮ್ಮ ಹೊಲಕ್ಕೆ ಬಂದು ಒಂದು ಸುತ್ತು ಹಾಕಿ ಹೋಗಿ."

ಕಡಲಸಿಂಹದ ಕಾಲಿಗೆ ಆತು ನೆಲ್ಬಾ ಅತ್ತಳು. ಮುದುಕನಿಗೆ ಏನೂ ತಿಳಿಯಲಿಲ್ಲ. ಒಂದು ಡಬ್ಬಿಯನ್ನು ಅವಳ ಕೈಗೆ ತುರುಕಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟ.

ಹಿಂತಿರುಗುವ ದಾರಿಯಲ್ಲಿ ಮಂಜು ಇನ್ನೂ ದಟ್ಟವಾಗಿತ್ತು. ತೂಲಿಯೊ ಬಲಗೈ ಒಂದರಲ್ಲೇ ಕಾರು ನಡೆಸುತ್ತಿದ್ದ. ಎಡಗೈ ಎಲ್ಲಿತ್ತೆಂದು ಹೇಳಬೇಕಾಗಿಲ್ಲ. ಕನ್ನಡಿಗೆ ಕೆಂಪು ದಾರ ಕಟ್ಟಿದ್ದ. ರಸ್ತೆ ಪಕ್ಕದಲ್ಲಿ ಪ್ರಯಾಣಿಕರನ್ನು ಕಾಯುವ ಗೌಚಿತೊ ಸಂತನ ಕೆಂಪು ಬಾವುಟಗಳ ಗುಡಿ ಸಿಕ್ಕಿತು. ದಾಟುವವರು ಒಮ್ಮೆ ಹಾರ್ನ್ ಹೊಡೆದು ಕೈಮುಗಿಯುವುದು ರೂಢಿ. ಇವನು ಕಾರು ನಿಧಾನಿಸಿ ಹಾರ್ನ್ ಒತ್ತಿದ್ದೇ ಒತ್ತಿದ್ದು. ಹೊರಟಾಗಿನಿಂದ ಹೆಂಡತಿಯ ಕಡೆ ತಿರುಗಿ ನೋಡಿರಲಿಲ್ಲ.

ಡೋನ್ ಎವಾರಿಸ್ತೊ ಬದುಕಿದ್ದಾನೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನೆಲ್ಬಾ ಆ ಮಾತನ್ನು ಮಡಿಲಲ್ಲಿದ್ದ ಡಬ್ಬಿಯ ಹಾಗೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವನೀಗ ಹುಚ್ಚಿ ಎಂದು ಒಮ್ಮೆ ಬೈದರೂ ಹೇಳಿಬಿಡೋಣ ಎಂದುಕೊಂಡಳು.

"ನೀನು ಹಿಂದಿನ ಸೀಟಲ್ಲಿ ಕೂತ್ರೆ ವಾಸಿ," ಎಂದ ತೂಲಿಯೊ.

ನೆಲ್ಬಾ ಅವನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟಳು. "ಯಾಕೋ ಇಷ್ಟ್ ಹೆದರ್ತೀಯ ಮುದುಕಾ? ಸುಖವಾಗಿ ತಲುಪ್ತೀಯ. ನಿಂಗೇನೂ ಆಗಲ್ಲ."

ಕಾರು ಚೀರಿಕೊಂಡು ನಿಂತಿತು. "ವಾಪಸ್ ತಗೋ! ಆ ಮಾತು ವಾಪಸ್ ತಗೋ!"

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಕಣೋ. ಎಷ್ಟ್ ಒಳ್ಳೆ ಕಾರಿದು. ಬ್ರೇಕ್ ಒಂದ್ಸಲಾನೂ ಕೈ ಕೊಟ್ಟಿಲ್ಲ, ಅಲ್ವಾ?"

ತೂಲಿಯೊ ಬಾಗಿಲು ತೆರೆದು ಇಳಿದೇಬಿಟ್ಟ. ಮಂಜಿನಲ್ಲಿ ನಾಲ್ಕು ಮಾರು ದೂರ ಓಡಿ, ರಸ್ತೆ ಬದಿಯ ಬಸ್ ತಂಗುದಾಣದ ಕಂಬ ಹಿಡಿದು ನಿಂತ. ಅಲ್ಲಿಂದ ಕೂಗಿದ: "ನಾನು ಬಸ್ಸಲ್ಲಿ ಬರ್ತೀನಿ! ನೀನು ಹೋಗು!"

"ಒಳ್ಳೇದು," ಎಂದಳು ನೆಲ್ಬಾ, ಡ್ರೈವರ್ ಸೀಟಿಗೆ ಸರಿದು. "ಬಸ್ಸೂ ಸುಖವಾಗಿ ತಲುಪುತ್ತೆ ಬಿಡು. ನಿನ್ನ ಬಟ್ಟೆಬರೆ ಪೋಚೊ ಮನೆಗೆ ಕಳಿಸ್ತೀನಿ."

ಮನೆ ಅವಳದು, ಅಂಗಡಿ ಅವಳದು. ಕನ್ನಡಿಯ ದಾರವನ್ನು ಕಿತ್ತು ಹೊರಗೆಸೆದಳು. ಆನ್ಸೆಲ್ಮೊ ಹೋದದ್ದೂ ಇದೇ ರಸ್ತೆಯಲ್ಲೇ, ಇಂಥದೇ ಮಂಜಿನಲ್ಲಿ. ಸ್ವಲ್ಪ ದೂರ ಹೋದ ಮೇಲೆ ಎದುರಿನಿಂದ ಎರಡು ಮಸುಕು ದೀಪ ಬಂದವು, ಗೋಧಿಯ ಲಾರಿ. ಅವಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಆದರೂ ಕಿಟಕಿ ಇಳಿಸಿದಳು. ಲಾರಿ ಪಕ್ಕಕ್ಕೆ ಬಂದಾಗ ಆ ಗುರುತಿಲ್ಲದ ಚಾಲಕನಿಗೆ ಎಡಗೈ ಎತ್ತಿ ಬೀಸಿ, ಶಕ್ತಿಯಿದ್ದಷ್ಟೂ ಗಟ್ಟಿಯಾಗಿ ಕೂಗಿದಳು.

"ಸುಖವಾಗಿ ತಲುಪಪ್ಪಾ! ನಿಂಗೇನೂ ಆಗಲ್ಲ!"

ಆಮೇಲೆ ಕಾರು ನಿಲ್ಲಿಸಿ, ಆ ಲಾರಿಯ ಸದ್ದು ದೂರ ದೂರವಾಗಿ ಪೂರ್ತಿ ಅಡಗುವ ತನಕ ಕಿವಿಗೊಟ್ಟು ಕೂತಳು.